ದನ ಎಲ್ಲಿ ಮೇಯಬೇಕು ಸ್ವಾಮಿ?

"ಓದ್ಲಿಲ್ಲ ಅಂದ್ರೆ ದನ ಕಾಯೋಕೆ ಹೋಗ್ಬೇಕಾಗುತ್ತೆ ನೋಡು!" ಮೇಷ್ಟ್ರ ಬಾಯಿಂದ ಈ ಮಾತು ಕೇಳದೆ ಶಾಲೆ ಮುಗಿಸಿದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ? ಬೇರೇನೂ ಕೈಗೆ ಹತ್ತದವನಿಗೂ ಉಳಿದಿರುವ ಕಟ್ಟಕಡೆಯ ಕೆಲಸ ಅಂದ್ರೆ ದನ ಕಾಯೋದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಈಗ ನೋಡಿದರೆ ಆ ಕಟ್ಟಕಡೆಯ ಕೆಲಸಕ್ಕೂ ಕೇಸು ಬೀಳುವ ಕಾಲ ಬಂದಿದೆ.

2025ರ ಜುಲೈನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಕಾಡಿನೊಳಗೆ ದನ, ಕುರಿ, ಮೇಕೆ ಮೇಯಿಸುವುದನ್ನು ನಿಷೇಧಿಸಲು ಕ್ರಮ ಕೈಗೊಳ್ಳಿ ಅಂತ ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಅಲ್ಲಿಂದ ಶುರುವಾಯ್ತು ಜಗಳ. ಒಂದು ಕಡೆ "ಹುಲಿ ಉಳೀಬೇಕಾದ್ರೆ ದನ ಹೊರಗೆ ಹೋಗ್ಲೇಬೇಕು" ಅನ್ನೋರು. ಇನ್ನೊಂದು ಕಡೆ "ನಮ್ಮ ಅಜ್ಜಂದಿರ ಕಾಲದಿಂದ ಮೇಯಿಸ್ತಿದೀವಿ, ಕೇಳೋಕೆ ನೀವ್ಯಾರು" ಅನ್ನೋರು. ಟೀವಿಯಲ್ಲಂತೂ ಇಬ್ಬರನ್ನೂ ಎದುರುಬದುರು ಕೂರಿಸಿ ಕೂಗಾಡಿಸಿದ್ದಾಯ್ತು. ಇಬ್ಬರ ಮಾತಿನಲ್ಲೂ ನಿಜ ಇದೆ, ಇಬ್ಬರೂ ಅರ್ಧವನ್ನಷ್ಟೇ ಹೇಳ್ತಿದ್ದಾರೆ ಅನ್ನೋದು ನನ್ನ ಅನಿಸಿಕೆ. ಉಳಿದರ್ಧವನ್ನು ಬರೆಯೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :-)

ಮೊದಲು ಈ ಸೂಚನೆ ಯಾಕೆ ಬಂತು ಅಂತ ನೋಡೋಣ. ಅದಕ್ಕೂ ಒಂದು ತಿಂಗಳು ಹಿಂದೆ, 2025ರ ಜೂನ್ 26ರಂದು, ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಪಕ್ಕದಲ್ಲೇ ಒಂದು ಹಸುವಿನ ಕಳೇಬರ. ಅದಕ್ಕೆ ವಿಷ ಹಾಕಲಾಗಿತ್ತು. ತನ್ನ ಹಸುವನ್ನು ಹುಲಿ ಕೊಂದಿತು ಅನ್ನೋ ಸಿಟ್ಟಿಗೆ ಈ ಕೆಲಸ ಮಾಡಿದ್ದು ಅನ್ನೋದು ತನಿಖೆಯಲ್ಲಿ ಹೊರಬಂದ ಸಂಗತಿ. ಕೆಲವರ ಬಂಧನವೂ ಆಯಿತು. ಒಂದೇ ಏಟಿಗೆ ಐದು ಹುಲಿ! ಕಾಡು ಕಾಯುವ ಹಂಗಾಮಿ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ ಅನ್ನೋದೂ ಅದೇ ಹೊತ್ತಿಗೆ ಪತ್ರಿಕೆಗಳಲ್ಲಿ ಬಂತು.

ನಾವೆಲ್ಲ ಗೋವಿನ ಹಾಡು ಕೇಳಿ ಬೆಳೆದವರು. ಅದರಲ್ಲಿ ಹುಲಿ ಹಸುವಿನ ಸತ್ಯಕ್ಕೆ ಸೋತು ತಾನೇ ಪ್ರಾಣ ಬಿಡುತ್ತೆ. ಹೂಗ್ಯಂನಲ್ಲಿ ಹಸುವಿನ ಹೆಣವನ್ನೇ ಹುಲಿಗೆ ಬಲೆ ಮಾಡಿದರು. ಅದೂ ಎಲ್ಲಿ? ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಬೆಟ್ಟದ ಸೀಮೆಯಲ್ಲಿ! ದೇವರ ಹುಲಿಗೆ ಕೈಮುಗಿಯುವ ಊರಿನಲ್ಲಿ ಕಾಡಿನ ಹುಲಿಯ ಮೇಲೆ ಇಷ್ಟು ಸಿಟ್ಟು ಹುಟ್ಟಿದ್ದು ಹೇಗೆ ಅನ್ನೋದನ್ನು ಯಾರಾದರೂ ಕೇಳಬೇಕಿತ್ತು. ಕೇಳುವ ಮೊದಲೇ "ಮೇಯಿಸೋದು ಬಂದ್" ಅಂದುಬಿಟ್ಟರೆ? ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ ಹಾಗೆ ಆಗಲಿಲ್ವಾ?

ಹಾಗಂತ ನಿಷೇಧ ಬೇಕು ಅನ್ನುವವರ ವಾದವನ್ನು ತಳ್ಳಿಹಾಕುವ ಹಾಗಿಲ್ಲ. ಕಾಡಿನ ಹುಲ್ಲು ಅನ್ನೋದು ಅಕ್ಷಯ ಪಾತ್ರೆ ಅಲ್ಲ. ಒಂದು ಬೆಟ್ಟದ ಹುಲ್ಲನ್ನು ನೂರು ದನ ಮೇಯ್ದರೆ ಕಾಟಿಗೆ, ಕಡವೆಗೆ, ಜಿಂಕೆಗೆ ಉಳಿಯೋದು ಅಷ್ಟೇ ಕಡಿಮೆ. ಜಿಂಕೆ ಕಡಿಮೆ ಆದರೆ ಹುಲಿಗೆ ಉಳಿಯೋದು ದನ. ಹುಲಿ ದನ ಹಿಡಿದರೆ ಮನುಷ್ಯನಿಗೆ ಸಿಟ್ಟು. ಸಿಟ್ಟು ಬಂದರೆ ವಿಷ. ಸರಪಳಿ ಹೀಗೆ ಸಾಗುತ್ತೆ.

ಇದು ಬರೀ ತರ್ಕ ಅಲ್ಲ. ಬಂಡೀಪುರದಲ್ಲಿ ಎಂ.ಡಿ. ಮಧುಸೂದನ್ ಅವರು ಮಾಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯ್ತು. ದನಗಳು ಕಡಿಮೆಯಾದ ಕಡೆ ಕಾಟಿಯಂಥ ದೊಡ್ಡ ಸಸ್ಯಾಹಾರಿ ಪ್ರಾಣಿಗಳು ಮತ್ತೆ ಚೇತರಿಸಿಕೊಂಡವು ಅನ್ನೋದು ಅದರ ಸಾರಾಂಶ. ರೋಗದ ವಿಷಯವೂ ಇದೆ. 1968ರಲ್ಲಿ ದೊಡ್ಡರೋಗ ಬಂದು ಬಂಡೀಪುರದ ಆಸುಪಾಸಿನ ಕಾಟಿಗಳು ಗುಂಪುಗುಂಪಾಗಿ ಸತ್ತಿದ್ದವು. ಊರ ದನದ ರೋಗ ಕಾಡಿನ ದನಕ್ಕೆ ಹತ್ತಿದ ಕಥೆ ಅದು. ಆ ರೋಗ 2011ರಲ್ಲಿ ಜಗತ್ತಿನಿಂದಲೇ ಹೋಯ್ತು ಅನ್ನೋದು ಸಂತೋಷದ ವಿಷಯ. ಆದರೆ ಕಾಲುಬಾಯಿ ಜ್ವರ ಇನ್ನೂ ಇದೆಯಲ್ಲ! ಅದಕ್ಕೇ ವನ್ಯಜೀವಿ ಕಾಯ್ದೆ ಧಾಮದಿಂದ ಐದು ಕಿಲೋಮೀಟರ್ ಒಳಗಿನ ದನಗಳಿಗೆಲ್ಲ ಲಸಿಕೆ ಹಾಕಿಸಬೇಕು ಅನ್ನುತ್ತೆ.

ಇದರ ಮೇಲೆ ಲಂಟಾನ ಬೇರೆ. ಅಲಂಕಾರಕ್ಕೆ ಅಂತ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ನಮ್ಮ ದೇಶಕ್ಕೆ ತಂದ ಗಿಡ. ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಾದಪ್ಪನ ಬೆಟ್ಟ ಎಲ್ಲಿ ನೋಡಿದರೂ ಅದೇ. ಅದನ್ನು ದನವೂ ತಿನ್ನಲ್ಲ, ಜಿಂಕೆಯೂ ತಿನ್ನಲ್ಲ. ಅದರ ಕೆಳಗೆ ಹುಲ್ಲೂ ಬೆಳೆಯಲ್ಲ. "ನಮ್ಮಜ್ಜನ ಕಾಲದಲ್ಲೂ ಇಷ್ಟೇ ದನ ಇತ್ತು, ಆಗ ಏನೂ ಆಗ್ಲಿಲ್ವಲ್ಲ" ಅನ್ನುವವರು ಇದನ್ನು ಗಮನಿಸಬೇಕು. ಅಜ್ಜನ ಕಾಲದಲ್ಲಿ ಕಾಡಿನ ನೆಲದ ಮೇಲೆ ಹುಲ್ಲಿತ್ತು. ಈಗ ಅದೇ ನೆಲದಲ್ಲಿ ಪೊದೆ ಇದೆ. ದನ ಅಷ್ಟೇ ಇದ್ದರೂ ತಟ್ಟೆ ಚಿಕ್ಕದಾಗಿದೆ.

ಸರಿ, ಹಾಗಾದರೆ ನಿಷೇಧವೇ ಸರಿ ಅಲ್ವಾ ಅಂತ ಕೇಳ್ತೀರಿ. ಸ್ವಲ್ಪ ತಡೀರಿ. ಯಾರ ದನ ಅನ್ನೋ ಪ್ರಶ್ನೆ ಇನ್ನೂ ಬಂದೇ ಇಲ್ಲ.

ಅದೇ ಬಂಡೀಪುರದ ಪಕ್ಕದ ಹಂಗಳದ ಬಗ್ಗೆ ಮಧುಸೂದನ್ ಅವರದೇ ಇನ್ನೊಂದು ಲೇಖನ 2005ರಲ್ಲಿ ಬಂತು. ನಾನು ಓದಿದ ಅತ್ಯಂತ ಸ್ವಾರಸ್ಯಕರ ಸಂಶೋಧನೆಗಳಲ್ಲಿ ಅದೂ ಒಂದು. ಹಂಗಳದ ಜನ ದನ ಸಾಕುತ್ತಿದ್ದದ್ದು ಹಾಲಿಗಲ್ಲ, ಉಳುಮೆಗೂ ಅಷ್ಟಾಗಿ ಅಲ್ಲ. ಮತ್ಯಾಕೆ? ಸಗಣಿಗೆ! 1990ರ ದಶಕದಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿಗೆ ಬೆಲೆ ಏರಿತು. ನೆರೆಯ ಕಾಫಿ ಸೀಮೆಯ ತೋಟಗಳಿಗೆ ಗೊಬ್ಬರ ಬೇಕಾಯ್ತು. ಹಂಗಳದ ಸಗಣಿ ಲಾರಿ ಹತ್ತಿ ಹೊರಟಿತು. ಸಗಣಿಗೆ ದುಡ್ಡು ಬಂದಾಗ ದನ ಹೆಚ್ಚಾದವು, ಅವು ಮೇಯ್ದದ್ದು ಬಂಡೀಪುರದಲ್ಲಿ. ಯಾವುದೋ ದೇಶದಲ್ಲಿ ಯಾರೋ ಕಾಫಿ ಹೀರಿದರು, ಇಲ್ಲಿ ಜಿಂಕೆಯ ಹುಲ್ಲು ಕಡಿಮೆಯಾಯ್ತು. ಕಾಡಿನ ಸತ್ವ ದನದ ಹೊಟ್ಟೆ ಹೊಕ್ಕು, ಸಗಣಿಯಾಗಿ, ತೋಟದ ಬುಡ ಸೇರಿತು. ಹೆಸರಿಗೆ ದನ ಮೇಯಿಸೋದು, ನಿಜದಲ್ಲಿ ಅದು ಕಾಡಿನ ಮಣ್ಣಿನ ರಫ್ತು.

ಮಾದಪ್ಪನ ಬೆಟ್ಟದ ಬಗ್ಗೆ ಸರ್ಕಾರದ ಕಡೆಯಿಂದ ಬಂದ ಮಾತಿನಲ್ಲೂ ಇದೇ ಥರದ ದೂರಿತ್ತು. ಗಡಿಯಾಚೆಯ ತಮಿಳುನಾಡಿನವರು ತಮ್ಮ ದನಗಳನ್ನು ಇಲ್ಲಿನವರಿಗೆ ದುಡ್ಡು ಕೊಟ್ಟು ಮೇಯಿಸುತ್ತಾರೆ, ಗೊಬ್ಬರ ಅತ್ತ ಹೋಗುತ್ತೆ ಅಂತ. ಇಂಥ ಮೇಯಿಸುವಿಕೆಯನ್ನು ನಿಲ್ಲಿಸಿ ಅಂದ್ರೆ ನಾನು ಮೊದಲು ಕೈ ಎತ್ತುತ್ತೇನೆ. ಅದು ಬಡವನ ಹಕ್ಕಲ್ಲ, ವ್ಯಾಪಾರ. ಸರ್ಕಾರಿ ಕಾಡಿನಿಂದ ಬಿಟ್ಟಿಯಾಗಿ ಕಚ್ಚಾ ಮಾಲು ಪಡೆಯುವ ವ್ಯಾಪಾರ.

ಆದರೆ ಅದೇ ಬೆಟ್ಟದಲ್ಲಿ ಮನೆಗೆ ನಾಲ್ಕು ದನ ಇಟ್ಟುಕೊಂಡ ಸೋಲಿಗರಿದ್ದಾರೆ, ಬೇಡಗಂಪಣರಿದ್ದಾರೆ. ಅಲ್ಲಿನ ಊರುಗಳ ಹೆಸರೇ ನೋಡಿ, ಪಚ್ಚೆದೊಡ್ಡಿ ಅಂತ. ದೊಡ್ಡಿ ಅಂದ್ರೆ ದನ ಕೂಡುವ ಜಾಗ. ದನ ಮೊದಲು, ಆಮೇಲೆ ಊರು! 2013ರಲ್ಲಿ ಅಲ್ಲಿ ಸುಮಾರು 906 ಚದರ ಕಿಲೋಮೀಟರ್ ಜಾಗವನ್ನು ವನ್ಯಜೀವಿ ಧಾಮ ಅಂತ ಘೋಷಿಸಿದಾಗ ಈ ಊರುಗಳು ಎಲ್ಲಿಂದಲೋ ಬಂದು ಸೇರಿಕೊಂಡಿದ್ದಲ್ಲ. ಧಾಮವೇ ಅವುಗಳ ಸುತ್ತ ಬಂದು ಕೂತಿತು. ಮಳೆ ಆಶ್ರಯದ ರಾಗಿ, ಜೋಳದ ಹೊಲ, ಅದಕ್ಕೆ ಬೇಕಾದ ಗೊಬ್ಬರ, ಉಳೋಕೆ ಎತ್ತು, ಕಷ್ಟಕಾಲಕ್ಕೆ ಮಾರೋಕೆ ಒಂದು ಕರು. ಆ ಮನೆಗೆ ದನವೇ ಬ್ಯಾಂಕು.

"ಕಟ್ಟಿಹಾಕಿ ಸಾಕಲಿ, ಸೀಮೆಹಸು ತರಲಿ" ಅನ್ನೋದು ನಗರದವರಿಗೆ ತಕ್ಷಣ ಹೊಳೆಯುವ ಉಪಾಯ. ಕೇಳೋಕೆ ಚೆನ್ನಾಗಿದೆ. ಆದರೆ ಸೀಮೆಹಸುವಿಗೆ ಹಸಿ ಮೇವು ಬೇಕು, ಹಿಂಡಿ ಬೇಕು, ದಿನಕ್ಕೆ ಬಿಂದಿಗೆಗಟ್ಟಲೆ ನೀರು ಬೇಕು. ಹನೂರಿನ ಕಡೆಯ ಒಣ ಭೂಮಿಯಲ್ಲಿ ಮನುಷ್ಯರಿಗೇ ನೀರಿಗೆ ತತ್ವಾರ. ಇನ್ನು ನಾಟಿ ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹಿಂಡಿ ಹಾಕಿದರೆ ಅದು ಕೊಡುವ ಲೀಟರೋ ಎರಡು ಲೀಟರೋ ಹಾಲಿಗೆ ಹಿಂಡಿಯ ಖರ್ಚೂ ಹುಟ್ಟಲ್ಲ. ನಾಟಿ ದನ ಲಾಭದಾಯಕ ಆಗೋದು ಅದು ತನ್ನ ಮೇವನ್ನು ತಾನೇ ಹುಡುಕಿಕೊಂಡಾಗ ಮಾತ್ರ. ಹಾಗಾಗಿ ಮೇಯಿಸೋದನ್ನು ನಿಲ್ಲಿಸಿ ಅಂದ್ರೆ ಆ ತಳಿಯನ್ನೇ ಮಾರಿಬಿಡಿ ಅಂದ ಹಾಗೆ. ಆಲಂಬಾಡಿ, ಬರಗೂರು ತಳಿಗಳು ಆ ಸೀಮೆಯವೇ. ಬರಗೂರು ಬೆಟ್ಟ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದ್ದರೂ ಆ ಕೆಂಪು-ಬಿಳಿ ಮಚ್ಚೆಯ ದನಗಳನ್ನು ಸಾಕಿಕೊಂಡು ಬಂದವರು ಹೆಚ್ಚಾಗಿ ಕನ್ನಡ ಮಾತಾಡುವ ಲಿಂಗಾಯತರು. ಗೋತಳಿ ಉಳಿಸಿ ಅಂತ ವೇದಿಕೆಯ ಮೇಲೆ ಭಾಷಣ, ಅವು ಮೇಯುವ ಜಾಗಕ್ಕೆ ಬೀಗ. ಇದು ಹೇಗೆ ಹೊಂದುತ್ತೆ?

ಕಾನೂನು ಏನು ಹೇಳುತ್ತೆ ಅಂತಲೂ ನೋಡೋಣ. 1972ರ ವನ್ಯಜೀವಿ ಕಾಯ್ದೆ ರಾಷ್ಟ್ರೀಯ ಉದ್ಯಾನದಲ್ಲಿ ಮೇಯಿಸುವುದನ್ನು ಪೂರ್ತಿ ನಿಷೇಧಿಸುತ್ತೆ. ವನ್ಯಜೀವಿ ಧಾಮದಲ್ಲಿ ಹಾಗಲ್ಲ. ಅಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅದನ್ನು ನಿಯಂತ್ರಿಸಬಹುದು ಅಥವಾ ನಿಷೇಧಿಸಬಹುದು, ಅಂದ್ರೆ ವಿವೇಚನೆಗೆ ಜಾಗ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ ಮೇಯಿಸುವುದನ್ನೂ ಕಾಡಿನ ಜನರ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಿದೆ. ಊರಲ್ಲಿ ನೆಲೆ ನಿಂತವರಿಗೂ, ಅಲೆಮಾರಿ ಪಶುಪಾಲಕರಿಗೂ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೇ ಸಾಮುದಾಯಿಕ ಹಕ್ಕು ಸಿಕ್ಕಿದ್ದು ಇದೇ ಕಾಯ್ದೆಯಡಿ. ಮದ್ರಾಸ್ ಹೈಕೋರ್ಟ್ ಕೂಡ 2022ರ ಮಾರ್ಚ್‌ನಲ್ಲಿ ಮೊದಲು ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ಮೇಯಿಸುವುದು ಬೇಡ ಅಂದು, ಅದೇ ತಿಂಗಳಲ್ಲಿ ಆದೇಶ ಬದಲಿಸಿ ರಾಷ್ಟ್ರೀಯ ಉದ್ಯಾನ, ವನ್ಯಜೀವಿ ಧಾಮ, ಹುಲಿ ಮೀಸಲುಗಳಿಗೆ ಸೀಮಿತಗೊಳಿಸಿತು. ನಮ್ಮ ಸಚಿವರ ಸೂಚನೆಯಲ್ಲಿ ಇದೇ ಕೋರ್ಟಿನ ಆದೇಶದ ಪ್ರಸ್ತಾಪ ಇತ್ತು. ಆ ತಿದ್ದುಪಡಿಯಲ್ಲಿದ್ದ ವ್ಯತ್ಯಾಸದ ಪ್ರಜ್ಞೆಯನ್ನೂ ಜೊತೆಗೆ ತಂದಿದ್ದರೆ ಚೆನ್ನಾಗಿತ್ತು.

ಒಮ್ಮೆಗೇ ಬಾಗಿಲು ಹಾಕಿದರೆ ಏನಾಗುತ್ತೆ ಅನ್ನೋದಕ್ಕೆ ಭರತ್‌ಪುರದ ಉದಾಹರಣೆ ಇದೆ. ರಾಜಸ್ಥಾನದ ಕೇವಲಾದೇವ್ ಪಕ್ಷಿಧಾಮ 1981ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು. 1982ರಲ್ಲಿ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಜನ ತಿರುಗಿಬಿದ್ದರು, ಗೋಲಿಬಾರ್ ಆಯ್ತು, ಹಳ್ಳಿಗರು ಸತ್ತರು. ಆಮೇಲೆ? ಎಮ್ಮೆಗಳು ಮೇಯ್ದು ಹದ್ದುಬಸ್ತಿನಲ್ಲಿಟ್ಟಿದ್ದ ನೀರ ಹುಲ್ಲು ಬೆಳೆದು ಕೆರೆಯನ್ನೇ ಮುಚ್ಚತೊಡಗಿತು. ಹಕ್ಕಿಗೆ ತೆರೆದ ನೀರು ಇಲ್ಲ, ಮೀನಿಗೆ ಜಾಗ ಇಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸುಮಾರು ಹತ್ತು ವರ್ಷ ಅಲ್ಲಿ ಕೂತು ಅಧ್ಯಯನ ಮಾಡಿ, ಆ ಜಾಗಕ್ಕೆ ಎಮ್ಮೆ ಬೇಕಿತ್ತು ಅನ್ನುವ ತೀರ್ಮಾನಕ್ಕೆ ಬಂದರು. ಜೀವ ಹೋದವರು ಮಾತ್ರ ವಾಪಸ್ ಬರಲಿಲ್ಲ.

ಬಂಡೀಪುರದ ಪಾಠವನ್ನು ಭರತ್‌ಪುರಕ್ಕೆ, ಭರತ್‌ಪುರದ ಪಾಠವನ್ನು ಬಂಡೀಪುರಕ್ಕೆ ಹಚ್ಚುವಂತಿಲ್ಲ ಅನ್ನೋದೇ ಇಲ್ಲಿನ ಪಾಠ. ಒಂದು ಒಣ ಎಲೆಯುದುರುವ ಕಾಡು, ಇನ್ನೊಂದು ಮನುಷ್ಯರೇ ಕಟ್ಟಿದ ಜೌಗು. ದನ ಎಲ್ಲ ಕಡೆಯೂ ಶತ್ರುವಲ್ಲ, ಎಲ್ಲ ಕಡೆಯೂ ಮಿತ್ರನಲ್ಲ. ಜಾಗ ನೋಡಿ, ಲೆಕ್ಕ ನೋಡಿ ಹೇಳಬೇಕಾದ ಮಾತು.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರ್ತೀನಿ. ಒಂದು ಮನೆಯ ಹಸುವನ್ನು ಹುಲಿ ಕಾಡಿನೊಳಗೆ ಹಿಡಿಯಿತು ಅಂತಿಟ್ಟುಕೊಳ್ಳಿ. ಮೇಯಿಸೋದು ಕಾನೂನುಬದ್ಧವಾಗಿದ್ದರೆ ಆತ ಅರಣ್ಯ ಇಲಾಖೆಗೆ ಹೋಗಿ ಹೇಳ್ತಾನೆ. ಪಶುವೈದ್ಯರು ಬರ್ತಾರೆ, ಫೋಟೋ ತೆಗೀತಾರೆ, ಪರಿಹಾರ ಬರುತ್ತೆ (ತಡವಾಗಿಯಾದರೂ). ಜೊತೆಗೆ ಆ ಜಾಗದಲ್ಲಿ ಹುಲಿ ಇದೆ ಅನ್ನೋ ಮಾಹಿತಿ ಇಲಾಖೆಗೂ ಸಿಗುತ್ತೆ. ಕಳೇಬರದ ಮೇಲೆ ಕಣ್ಣಿಡಬಹುದು. ಮೇಯಿಸೋದೇ ಅಪರಾಧ ಆದರೆ? "ನನ್ನ ಹಸು ಕಾಡೊಳಗೆ ಸತ್ತಿದೆ" ಅಂತ ಹೇಳೋದು ತಾನೇ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟ ಹಾಗೆ. ಪರಿಹಾರದ ಮಾತು ಹಾಗಿರಲಿ, ಕೇಸು ಬಿದ್ದರೆ ಯಾರು ಗತಿ? ಆತ ಸುಮ್ಮನಿರ್ತಾನೆ. ಸುಮ್ಮನಿದ್ದವನ ಸಿಟ್ಟು ಎಲ್ಲಿಗೆ ಹೋಗುತ್ತೆ? ಕಾಡಿನಲ್ಲಿ ಒಂದು ಹೆಣ, ಕೈಯಲ್ಲಿ ಒಂದು ಡಬ್ಬಿ ಕೀಟನಾಶಕ, ನೋಡೋರು ಯಾರೂ ಇಲ್ಲ.

ಅಂದರೆ ಯಾವ ವಿಷಪ್ರಾಶನವನ್ನು ತಡೆಯೋಕೆ ನಿಷೇಧ ಬಂತೋ, ಅದೇ ವಿಷಪ್ರಾಶನಕ್ಕೆ ನಿಷೇಧವೇ ದಾರಿ ಮಾಡಿಕೊಡಬಹುದು. ಐದು ಹುಲಿ ಸತ್ತಿದ್ದು ಗೊತ್ತಾಯ್ತು. ಗೊತ್ತಾಗದೆ ಸಾಯುವವುಗಳ ಲೆಕ್ಕ ಇಡೋರು ಯಾರು? ಊರಿನವರು ಇಲಾಖೆಯ ಕಣ್ಣಾಗಿದ್ದರೆ ಮಾತ್ರ 906 ಚದರ ಕಿಲೋಮೀಟರ್ ಕಾಡನ್ನು ಕಾಯೋಕೆ ಸಾಧ್ಯ. ಆ ಕಣ್ಣನ್ನು ನಾವೇ ಮುಚ್ಚಿಸಬಾರದು.

ಇನ್ನೊಂದು ಕಡೆ ಹುಲಿ ಕಾಡಂಚಿನ ಜನರ ಜೀವಕ್ಕೇ ಬಂದದ್ದನ್ನೂ ಮರೆಯುವಂತಿಲ್ಲ. 2025ರ ಅಕ್ಟೋಬರ್-ನವೆಂಬರ್‌ನಲ್ಲಿ ಸರಗೂರಿನ ಕಡೆ ಹುಲಿ ದಾಳಿಗೆ ರೈತರು ಪ್ರಾಣ ಕಳೆದುಕೊಂಡರು. ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ಆಗ ಸರ್ಕಾರ ನಿಲ್ಲಿಸಬೇಕಾಯ್ತು. ದನ ಕಾಡೊಳಗೆ ಹೋದರೆ ಕಾಯುವವನೂ ಹೋಗಲೇಬೇಕು. "ಮೇಯಿಸೋದು ನಮ್ಮ ಹಕ್ಕು" ಅನ್ನುವಾಗ ಆ ಹಕ್ಕಿಗೆ ಬೆನ್ನು ಕೊಟ್ಟು ನಡೆಯುವವನು ಹನ್ನೆರಡು ವರ್ಷದ ಹುಡುಗನೋ ಅರವತ್ತು ದಾಟಿದ ಮುದುಕನೋ ಆಗಿರ್ತಾನೆ ಅನ್ನೋದೂ ನೆನಪಿರಲಿ.

ಹಾಗಾದರೆ ದನ ಎಲ್ಲಿ ಮೇಯಬೇಕು? ಇದಕ್ಕೆ ಉತ್ತರ ಕಾಡಿನ ಒಳಗಿಲ್ಲ, ಹೊರಗಿದೆ. ಉತ್ತರದ ಹೆಸರು ಗೋಮಾಳ.

ನಮ್ಮ ಭೂ ಕಂದಾಯ ನಿಯಮಗಳ ಪ್ರಕಾರ ಪ್ರತಿ ನೂರು ರಾಸುಗಳಿಗೆ 30 ಎಕರೆ ಗೋಮಾಳ ಬಿಡಬೇಕು. ನಿಮ್ಮ ಊರಲ್ಲಿ ಇದೆಯಾ? ಒಮ್ಮೆ ಪಹಣಿ ತೆಗೆಸಿ ನೋಡಿ. ಪಹಣಿಯಲ್ಲಿ ಇರುತ್ತೆ, ನೆಲದ ಮೇಲೆ ಇರಲ್ಲ. ಬಗರ್ ಹುಕುಂ ಅಂತ ಒಂದಷ್ಟು ಹೋಯ್ತು. ನಮೂನೆ 50, ನಮೂನೆ 53, ನಮೂನೆ 57 ಅಂತ ಸರ್ಕಾರಗಳು ಬದಲಾದರೂ ಸಕ್ರಮ ನಿಲ್ಲಲಿಲ್ಲ. ಅದರಲ್ಲಿ ನಿಜವಾದ ಭೂಹೀನರೂ ಇದ್ದರು, ನೆಪಕ್ಕೆ ಭೂಹೀನರಾದವರೂ ಇದ್ದರು. ಉಳಿದದ್ದು ನಿವೇಶನಕ್ಕೆ, ಶಾಲೆಗೆ, ಸಬ್‌ಸ್ಟೇಷನ್ನಿಗೆ, ಕಸ ಹಾಕೋಕೆ. ಸಾಮುದಾಯಿಕ ಜಮೀನಿನ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಹೇಳಿದೆ ಅಷ್ಟೆ.

ಕಾವಲುಗಳ ಕಥೆ ಇನ್ನೂ ದೊಡ್ಡದು. ಮೈಸೂರು ಅರಸರ 'ಬೆಣ್ಣೆ ಚಾವಡಿ'ಯಾಗಿ ಶುರುವಾಗಿ, ಟಿಪ್ಪು ಕಾಲದಲ್ಲಿ ಅಮೃತಮಹಲ್ ಅನಿಸಿಕೊಂಡ ಇಲಾಖೆಗೆ ಲಕ್ಷಾಂತರ ಎಕರೆ ಹುಲ್ಲುಗಾವಲು ಇತ್ತು. ಋತುವಿಗೆ ತಕ್ಕಂತೆ ದನಗಳನ್ನು ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗಿಸುವ ಪದ್ಧತಿಯೇ ಇತ್ತು. ಇವತ್ತು ಉಳಿದಿರೋದು ಅದರ ಒಂದು ಸಣ್ಣ ಪಾಲು. ಚಳ್ಳಕೆರೆಯ ಕಾವಲುಗಳನ್ನೇ ತೆಗೆದುಕೊಳ್ಳಿ. 2010ರ ಆಸುಪಾಸಿನಲ್ಲಿ ಡಿಆರ್‌ಡಿಓಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ. ಕೂಡಿಸಿ ನೋಡಿ, ಎಂಟು ಸಾವಿರ ಎಕರೆ ದಾಟುತ್ತೆ. ಸಂಶೋಧನೆ ಬೇಡ ಅಂತಲ್ಲ. ಆದರೆ ಸುತ್ತಲ ಹಳ್ಳಿಗಳ ಕುರಿ, ದನ ಮೇಯುತ್ತಿದ್ದ ಬಯಲಿಗೆ ಗೋಡೆ ಎದ್ದಾಗ ಅದು 'ಅಭಿವೃದ್ಧಿ'. ಅದೇ ಕುರಿಗಾಹಿ ಮೇವು ಹುಡುಕುತ್ತಾ ಕಾಡಿನ ಅಂಚಿಗೆ ಬಂದರೆ 'ಅತಿಕ್ರಮಣ'. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಬಿಟ್ಟು ದನಕ್ಕೆ ದಂಡ ಹಾಕೋದು ಅಂದ್ರೆ ಇದೇ.

ಹುಲ್ಲುಗಾವಲನ್ನು 'ಬಂಜರು' ಅಂತ ಕರೆಯೋ ಚಾಳಿಯೂ ಇದಕ್ಕೆ ಕಾರಣ. ಮರ ಇಲ್ಲದ ಜಾಗ ಅಂದ್ರೆ ಖಾಲಿ ಜಾಗ ಅಂತ ನಮ್ಮ ಕಡತಗಳು ನಂಬಿವೆ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆ ಅಂತ ಧಾಮ ಇದೆ. ಬಯಲಲ್ಲಿ ಓಡುವ ಪ್ರಾಣಿಯ ಮನೆಯಲ್ಲಿ ನೀಲಗಿರಿ ನೆಟ್ಟದ್ದು ದನ ಕಾಯುವವನಲ್ಲ!

ಇದೇ ಜಗಳ ಅಮೆರಿಕದಲ್ಲೂ ಇದೆ. ಅಲ್ಲಿನ ಪಶ್ಚಿಮ ರಾಜ್ಯಗಳ ಸರ್ಕಾರಿ ಬಯಲಿನಲ್ಲಿ ಮೇಯಿಸೋಕೆ 1934ರ ಟೇಲರ್ ಕಾಯ್ದೆಯಿಂದ ಪರವಾನಗಿ ಪದ್ಧತಿ ಬಂತು. 1964ರ ವೈಲ್ಡರ್‌ನೆಸ್ ಕಾಯ್ದೆ ಕೂಡ ಮೊದಲಿಂದ ಮೇಯಿಸುತ್ತಿದ್ದ ಕಡೆ ಮುಂದುವರಿಸಲು ಅವಕಾಶ ಕೊಟ್ಟಿದೆ. ಒಂದು ಹಸು, ಅದರ ಕರು, ಒಂದು ತಿಂಗಳ ಮೇವು ಅನ್ನೋದು ಅವರ ಅಳತೆ. 2025ರಲ್ಲಿ ಅದಕ್ಕೆ 1.35 ಡಾಲರ್ ಶುಲ್ಕ ಇತ್ತು. ಇದು ತೀರಾ ಅಗ್ಗ, ಜನರ ದುಡ್ಡಲ್ಲಿ ದೊಡ್ಡ ದೊಡ್ಡ ಮಾಲೀಕರ ದನ ಮೇಯುತ್ತಿವೆ ಅನ್ನೋದು ಅಲ್ಲಿನ ಪರಿಸರವಾದಿಗಳ ದೂರು. 2014ರಲ್ಲಿ ನೆವಾಡಾದಲ್ಲಿ ಇಪ್ಪತ್ತು ವರ್ಷದಿಂದ ಶುಲ್ಕ ಕಟ್ಟದವನೊಬ್ಬನ ದನ ಹಿಡಿಯಲು ಹೋದ ಅಧಿಕಾರಿಗಳು, ಬಂದೂಕು ಹಿಡಿದು ನಿಂತವರನ್ನು ಕಂಡು ವಾಪಸ್ ಬಂದಿದ್ದೂ ಉಂಟು. ನಮ್ಮ ನಾಲ್ಕು ದನದವನನ್ನು ಅವರ ನೂರಾರು ದನದವನ ಜೊತೆ ಹೋಲಿಸೋಕೆ ಆಗಲ್ಲ. ಆದರೆ ಅವರಿಂದ ಕಲಿಯಬೇಕಾದ್ದು ಒಂದಿದೆ: ಎಣಿಕೆ. ಎಲ್ಲಿ, ಎಷ್ಟು ದನ, ಎಷ್ಟು ತಿಂಗಳು ಅನ್ನೋದು ಕಾಗದದ ಮೇಲಿದ್ದಾಗ ಜಗಳಕ್ಕೂ ಒಂದು ಆಧಾರ ಇರುತ್ತೆ. ನಮ್ಮಲ್ಲಿ ಇರೋದು ಎರಡೇ: 'ಎಲ್ಲ ಬಿಡಿ' ಅಥವಾ 'ಎಲ್ಲ ನಿಲ್ಲಿಸಿ'.

ಬರೀ ಟೀಕೆ ಮಾಡಿ ಎದ್ದು ಹೋದರೆ ನ್ಯಾಯ ಅಲ್ಲ. ನನಗೆ ತೋಚಿದ್ದು ಹೇಳ್ತೀನಿ.

ಒಂದು, ರಾಷ್ಟ್ರೀಯ ಉದ್ಯಾನ ಮತ್ತು ಹುಲಿ ಮೀಸಲಿನ ಒಳಭಾಗ ದನದಿಂದ ಮುಕ್ತವಾಗಿರಲಿ. ಇದರಲ್ಲಿ ರಾಜಿ ಬೇಡ. ಹುಲಿಗೆ ಅಷ್ಟಾದರೂ ಜಾಗ ಬೇಕು. 2022ರ ಎಣಿಕೆಯಲ್ಲಿ ನಮ್ಮ ರಾಜ್ಯದಲ್ಲಿ 563 ಹುಲಿ ಸಿಕ್ಕಿದ್ದಕ್ಕೆ ಹೆಮ್ಮೆ ಪಡುವವರು ಅವು ಉಣ್ಣುವ ಜಿಂಕೆಗೂ ಹುಲ್ಲು ಬಿಡಬೇಕು.

ಎರಡು, ಮಲೆ ಮಹದೇಶ್ವರದಂಥ ಧಾಮಗಳಲ್ಲಿ, ಒಳಗೆ ಮತ್ತು ಅಂಚಿನಲ್ಲಿ ವಾಸಿಸುವ ಮನೆಗಳಿಗೆ ಇಷ್ಟು ದನ ಅಂತ ಮಿತಿ ಹಾಕಿ ಬಿಡಲಿ. ಯಾವ ಬೆಟ್ಟ, ಯಾವ ತಿಂಗಳು ಅನ್ನೋದನ್ನು ಗ್ರಾಮಸಭೆ ಮತ್ತು ಇಲಾಖೆ ಕೂತು ತೀರ್ಮಾನಿಸಲಿ. ಇದು ಆಗದ ಮಾತಲ್ಲ. 2019ರಿಂದ ಕಾಲುಬಾಯಿ ಜ್ವರದ ಲಸಿಕೆಯ ಜೊತೆಗೆ ದನದ ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಹಾಕ್ತಿದ್ದಾರಲ್ಲ, ಅದನ್ನೇ ಬಳಸಿ. ಬಿಲ್ಲೆ ನೋಡಿದರೆ ಯಾವ ಮನೆಯ ದನ, ಲಸಿಕೆ ಆಗಿದೆಯಾ, ಗಡಿಯಾಚೆಯದಾ ಎಲ್ಲ ಗೊತ್ತಾಗುತ್ತೆ.

ಮೂರು, ಗೊಬ್ಬರದ ವ್ಯಾಪಾರಕ್ಕೆ ಕಟ್ಟಿದ ಹಿಂಡುಗಳನ್ನು, ದುಡ್ಡಿಗೆ ಮೇಯಿಸುವ ಹೊರಗಿನ ದನಗಳನ್ನು ಪೂರ್ತಿ ನಿಲ್ಲಿಸಿ. ದಂಡ ಹಾಕೋದಾದರೆ ಮಾಲೀಕನಿಗೆ ಹಾಕಿ, ಕೂಲಿಗೆ ಕಾಯುವವನಿಗಲ್ಲ.

ನಾಲ್ಕು, ಹುಲಿ ಕೊಂದ ದನಕ್ಕೆ ಸಂತೆಯ ಬೆಲೆ, ವಾರದೊಳಗೆ. ಅನುಮತಿ ಪಡೆದು ಮೇಯುತ್ತಿದ್ದ ದನ ಧಾಮದೊಳಗೆ ಸತ್ತರೂ ಸರಿ. ಒಂದು ಹಸುವಿನ ಬೆಲೆ ಎಷ್ಟಿದ್ದೀತು? ಐದು ಹುಲಿಗೆ ಹೋಲಿಸಿದರೆ ಅದೊಂದು ಲೆಕ್ಕವೇ ಅಲ್ಲ. ಇದರ ಜೊತೆಗೆ ಕಾಡು ಕಾಯುವ ಹುಡುಗರಿಗೆ ತಿಂಗಳಿಗೆ ಸರಿಯಾಗಿ ಸಂಬಳ ಕೊಡಿ ಅನ್ನೋದನ್ನೂ ನಾನು ಹೇಳಬೇಕಾಗಿ ಬಂದಿರೋದೇ ನಾಚಿಕೆಗೇಡು.

ಐದು, ಕಾಡಂಚಿನ ಹತ್ತು ಕಿಲೋಮೀಟರಿನ ಊರುಗಳ ಗೋಮಾಳವನ್ನು ಮೊದಲು ಅಳೆದು, ಒತ್ತುವರಿ ಬಿಡಿಸಿ, ಹುಲ್ಲು ಬೆಳೆಸಿ. ಲಂಟಾನ ಕಿತ್ತು ಹುಲ್ಲು ಬರಿಸುವ ಕೆಲಸವನ್ನು ಅದೇ ಊರಿನವರಿಗೆ ಕೂಲಿ ಕೊಟ್ಟು ಮಾಡಿಸಿ. ಮನೆ ಹತ್ತಿರ ಮೇವು ಸಿಕ್ಕರೆ ಹುಲಿ ಇರುವ ಬೆಟ್ಟಕ್ಕೆ ಯಾರು ತಾನೇ ದನ ಅಟ್ಟಿಕೊಂಡು ಹೋಗ್ತಾರೆ?

ಈ ಐದರಲ್ಲಿ ಕೊನೆಯದೇ ಕಷ್ಟದ್ದು. ಯಾಕಂದ್ರೆ ಗೋಮಾಳ ತಿಂದವರಿಗೆ ಓಟಿದೆ, ದುಡ್ಡಿದೆ, ಕೆಲವು ಕಡೆ ಕುರ್ಚಿಯೂ ಇದೆ. ದನ ಕಾಯುವವನಿಗೆ ಬೆತ್ತ ಬಿಟ್ಟರೆ ಬೇರೇನಿಲ್ಲ, ಹುಲಿಗಂತೂ ಓಟೇ ಇಲ್ಲ. ಹಾಗಾಗಿ ಸರ್ಕಾರ ಸುಲಭದ ಕಡೆ ಕೈ ಹಾಕುತ್ತೆ: ಬಾಯಿಲ್ಲದ ಇಬ್ಬರನ್ನು ಒಬ್ಬರ ಮೇಲೊಬ್ಬರು ಎತ್ತಿಕಟ್ಟೋದು. ಹುಲಿ ಪರ, ದನದ ಪರ ಅಂತ ನಾವೂ ಎರಡು ಗುಂಪಾಗಿ ಚೀರಾಡುತ್ತಾ ಕೂತರೆ, ನಡುವೆ ಹುಲ್ಲು ಕದ್ದವನು ಆರಾಮಾಗಿ ಮನೆಗೆ ಹೋಗ್ತಾನೆ.

ನಿಮ್ಮ ಊರಿನ ಗೋಮಾಳದ ಕಥೆ ಏನು? ಸರ್ವೆ ನಂಬರು ಗೊತ್ತಿದ್ದರೆ ಈ ಸಲ ಊರಿಗೆ ಹೋದಾಗ ಒಂದು ಸುತ್ತು ನಡೆದು ನೋಡಿ ಬನ್ನಿ. ಅಲ್ಲಿ ಹುಲ್ಲು ಕಂಡರೆ ನನಗೂ ತಿಳಿಸಿ, ಖುಷಿ ಪಡ್ತೀನಿ. ಅಲ್ಲಿ ಬೇರೇನಾದರೂ ಕಂಡರೆ, ಮಾದಪ್ಪನ ಬೆಟ್ಟದ ಹುಲಿ ಯಾಕೆ ಸತ್ತಿತು ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ.